ಹನ್ನೆರಡು ಗುಳಿ, ಒಂದು ತಲೆ

ಘಾನಾದ ಅಕಾನ್ ಜನ ಆಡುವ ಒವಾರೆಗೆ ಮಣೆಯೇ ಬೇಕೆಂದಿಲ್ಲ. ನೆಲದಲ್ಲಿ ಆರಾರು ಗುಳಿಗಳ ಎರಡು ಸಾಲು ತೋಡಿ, ಗುಳಿಗೆ ನಾಲ್ಕರಂತೆ 48 ಗಜ್ಜುಗ ಹಾಕಿದರೆ ಆಟ ಶುರು. ನಮ್ಮ ಚೆನ್ನೆಮಣೆಯ ಬಳಗದ್ದೇ ಇದು. ಸಾಲಿಗೊಂದು ಗುಳಿ ಕಡಿಮೆ, ಅಷ್ಟೆ. ಹೀಗಿರುವಾಗ ಲೈಬೀರಿಯಾ, ಐವರಿ ಕೋಸ್ಟ್‌ಗಳ ಡಾನ್ ಶಿಲ್ಪಿಗಳು ಇಂಥದೇ ಆಟಕ್ಕಾಗಿ ಮರ ಕಡಿದು, ಗುಳಿ ಕೊರೆದು, ಎಷ್ಟೋ ಮಣೆಗಳ ತುದಿಗೆ ಒಂದು ತಲೆಯನ್ನೂ ಕೆತ್ತಿದ್ದೇಕೆ? ಆ ತಲೆ ಇಲ್ಲದಿದ್ದರೂ ಆಟದಲ್ಲಿ ಒಂದು ಕಾಯಿಯೂ ಆಚೀಚೆ ಆಗದು.

ಇಂಥ ವಸ್ತುಗಳ ಚೆಲುವಿನ ಬಗ್ಗೆ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರ ತನ್ನ ಗ್ರಂಥದಲ್ಲಿ ಯೋಚಿಸಿದ್ದಾನೆ. ಹೂವು ಯಾತಕ್ಕಾಗಿ ಇದೆ ಎಂದು ಕೇಳದೆಯೇ ನಾವು ಅದನ್ನು ಚೆಂದ ಎನ್ನುತ್ತೇವೆ. ಅದು ಸ್ವತಂತ್ರ ಸೌಂದರ್ಯ. ಚರ್ಚನ್ನೋ ಅರಮನೆಯನ್ನೋ ಮೆಚ್ಚುವಾಗ ಮಾತ್ರ, ಅದು ಹೇಗಿರಬೇಕು ಎಂಬ ಕಲ್ಪನೆ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಇದು ಅವಲಂಬಿತ ಸೌಂದರ್ಯ. ಇಲ್ಲಿ ಉದ್ದೇಶವು ಅಲಂಕಾರಕ್ಕೆ ಲಗಾಮು ಹಾಕುತ್ತದೆ. ನ್ಯೂಜಿಲೆಂಡಿನವರ ಹಚ್ಚೆಯ ಸುರುಳಿಗಳು ಆಕೃತಿಯೊಂದಕ್ಕೆ ಒಪ್ಪಬಹುದು, ಆದರೆ ಅದು ಮನುಷ್ಯನಾಗಿರಬಾರದು ಎಂಬುದು ಕಾಂಟ್ ಕೊಡುವ ಉದಾಹರಣೆ. (ಹಚ್ಚೆ ಹಾಕಿಸಿಕೊಂಡವರನ್ನು ಆತ ಕೇಳಿರಲಾರ.)

ಮಣೆಯ ಚೆಲುವು ಅವಲಂಬಿತವೇ, ಅನುಮಾನವಿಲ್ಲ. ಆದರೆ ಲಗಾಮಿನ ಮಾತು ಇಲ್ಲಿ ಸಾಲದು. ಒವಾರೆಯಲ್ಲಿ ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ, ಅಪ್ರದಕ್ಷಿಣವಾಗಿ ಗುಳಿಗೊಂದರಂತೆ ಬಿಡುತ್ತ ಹೋಗಬೇಕು. ಕೊನೆಯ ಕಾಯಿ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ಆಡಿದವನ ಪಾಲು. ಬೆರಳು ಒಂದೇ ಸಲಕ್ಕೆ ಬಾಚಬೇಕು, ಅದಕ್ಕೇ ಗುಳಿಯ ತಳ ದುಂಡಗೆ. ಸರದಿ ತಪ್ಪಬಾರದು, ಅದಕ್ಕೇ ಗುಳಿಗಳು ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿವೆ. ಕಣ್ಣಿಗೆ ಹಿತವಾಗುವ ಆ ಲಯವನ್ನು ಉದ್ದೇಶ ತಡೆದಿಲ್ಲ, ಅದೇ ಹುಟ್ಟಿಸಿದೆ.

ಹಾಗಾದರೆ ತಲೆ? ಆಡುವುದಷ್ಟೇ ಮಣೆಯ ಉದ್ದೇಶ ಎಂದುಕೊಂಡವರಿಗೆ ಅದು ಬರೀ ಅಲಂಕಾರ. ಆದರೆ ಚೆನ್ನಾಗಿ ಕೆತ್ತಿದ ಮಣೆ ಡಾನ್ ಊರುಗಳಲ್ಲಿ ಮರ್ಯಾದಸ್ಥರ ಸೊತ್ತು. ಒಡೆಯನ ಘನತೆಯನ್ನು ನೋಡುವವರಿಗೆ ಕಾಣಿಸುವುದೂ ಅದರ ಕೆಲಸವೇ. ಆ ಲೆಕ್ಕದಲ್ಲಿ ಗುಳಿಯಷ್ಟೇ ತಲೆಯೂ ಬೇಕಾದದ್ದು. ವಸ್ತುವೊಂದರ ಉದ್ದೇಶ ಇಷ್ಟೇ ಎಂದು ಹೊರಗಿನಿಂದ ಗೆರೆ ಎಳೆದಾಗಲೇ ಉಳಿದದ್ದೆಲ್ಲ ‘ಅಲಂಕಾರ’ವಾಗಿ ಕಾಣುವುದು.

ಒಂದೇ ವಸ್ತುವನ್ನು ಒಬ್ಬ ಸ್ವತಂತ್ರವಾಗಿ, ಇನ್ನೊಬ್ಬ ಉದ್ದೇಶದೊಡನೆ ನೋಡಿ ಜಗಳವಾಡಿದರೆ ಇಬ್ಬರೂ ಅವರವರ ಮಟ್ಟಿಗೆ ಸರಿ ಎಂದು ಕಾಂಟ್ ರಾಜಿ ಮಾಡಿಸುತ್ತಾನೆ. ಮ್ಯೂಸಿಯಮ್ಮಿನ ಗಾಜಿನ ಮುಂದೆ ನಿಂತವನಿಗೂ ಎದುರಾಳಿಯ ಮುಂದೆ ಕೂತವನಿಗೂ ಈ ರಾಜಿ ಹೊಂದದು ಎಂಬುದು ನನ್ನ ಅನಿಸಿಕೆ. ಆಟಗಾರನಿಗೆ ತಲೆಯೂ ಕಾಣುತ್ತದೆ, ಗುಳಿಯೂ ಕಾಣುತ್ತದೆ. ಆಟ ಗೊತ್ತಿಲ್ಲದ ನೋಡುಗನ ಕಣ್ಣಿಗೆ ತಲೆಯೇ ಶಿಲ್ಪ, ಹನ್ನೆರಡು ಗುಳಿಗಳು ಅದರ ಪೀಠ.