ಗೋಡೆಯೊಳಗಿನ ತಂತಿ

ಸ್ನಾನದ ಮನೆಯ ದೀಪ ಹಾಕಿದೊಡನೆ ಇಡೀ ಮನೆ ಕತ್ತಲಾಗುತ್ತಿತ್ತು. ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನು ಆಗಷ್ಟೇ ಹಾಕಿಸಿದ್ದೆವು. ‘ಅದನ್ನು ತೆಗೆಸಿಬಿಡಿ, ಮೊದಲು ಎಲ್ಲ ಸರಿಯಿತ್ತಲ್ಲ’ ಎಂದರು ಮನೆಯವರು. ನಿಜ ನುಡಿಯುವವನನ್ನೇ ಹೊರಗಟ್ಟುವ ಅಭ್ಯಾಸ ನಮಗೆ ಹೊಸದಲ್ಲ.

ಮೊದಲು ಸರಿಯಿತ್ತೇ? ಒಂದೊಂದೇ ಸ್ವಿಚ್ಚನ್ನು ಪರೀಕ್ಷಿಸುತ್ತ ಹೋದಾಗ ಗುಟ್ಟು ಬಯಲಾಯಿತು. ವರ್ಷಗಳ ಹಿಂದೆ ಆ ದೀಪಕ್ಕೆ ನ್ಯೂಟ್ರಲ್ ತಂತಿ ಎಳೆಯದೆ, ಗೀಸರಿನ ಅರ್ಥ್ ತಂತಿಗೇ ಜೋಡಿಸಿದ್ದರು. ದೀಪವೇನೋ ಉರಿಯಿತು. ಆದರೆ 60 ವಾಟಿನ ದೀಪ ಎಳೆಯುವುದು ಸುಮಾರು 260 ಮಿಲಿಆಂಪಿಯರ್. 30 ಮಿಲಿಆಂಪಿಯರ್ ಸೋರಿದರೇ ಎಚ್ಚರಗೊಳ್ಳುವ ಸಾಧನ ಸುಮ್ಮನಿದ್ದೀತೇ? ಅದಕ್ಕಿಂತ ಮೊದಲೇ ಆ ಅರ್ಥ್ ತಂತಿ ಎಲ್ಲಾದರೂ ತುಂಡಾಗಿದ್ದರೆ, ದೀಪದ ಮೂಲಕವೇ ಗೀಸರಿನ ಲೋಹದ ಮೈಗೆ ವಿದ್ಯುತ್ ಹರಿಯುತ್ತಿತ್ತು. ಒದ್ದೆ ಕೈಯಲ್ಲಿ ಅದನ್ನು ಮುಟ್ಟುತ್ತಿದ್ದವರು ನಮ್ಮ ಮಕ್ಕಳು.

ತಪ್ಪು ಯಾರದು? ಕೆಲಸದವನದೆನ್ನುವುದು ಸುಲಭ. ಆದರೆ ಅಂದು ತಂತಿಯ ಖರ್ಚಿಗೆ ಚೌಕಾಸಿ ಮಾಡಿ, ‘ದೀಪ ಉರಿದರೆ ಸಾಕು’ ಎಂದವನು ನಾನೇ.

ಮಹಡಿಯ ಮನೆಗೂ ತಂತಿ ಎಳೆದದ್ದು ಅದೇ ಕೈ. ಅಲ್ಲಿನ ಬಾಡಿಗೆದಾರರು ಇದುವರೆಗೆ ದೂರಿಲ್ಲ. ದೂರಲು ಅವರಿಗೆ ಏನು ತಿಳಿದಿದೆ? ನಿನ್ನೆ ಸಂಜೆ ಮೇಲೆ ಹೋಗಿ ಎಲ್ಲವನ್ನೂ ಹೇಳಿದೆ. ಸೋಮವಾರ ಅಲ್ಲಿಯೂ ಗೋಡೆ ಒಡೆಯಬೇಕಾದೀತು, ಖರ್ಚು ನನ್ನದು.