ಮೊಳಗದ ಅಲರ್ಟ್ ಮತ್ತು ಅನುಪಲಬ್ಧಿಯ ಪ್ರಶ್ನೆ

ಇಲ್ಲದ ವಸ್ತುವನ್ನು ಇಲ್ಲವೆಂದು ಮನುಷ್ಯ ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಮೀರಿ ಚರ್ಚಿಸಿವೆ. ಬರಿನೆಲವನ್ನು ನೋಡಿ ‘ಇಲ್ಲಿ ಮಡಕೆಯಿಲ್ಲ’ ಎನ್ನುವವನಿಗೆ ಆ ಅರಿವು ಕಣ್ಣಿನಿಂದ ಬಂದಿತೋ, ಊಹೆಯಿಂದ ಬಂದಿತೋ, ಇವೆರಡಕ್ಕೂ ಸೇರದ ಮೂರನೆಯ ದಾರಿಯಿಂದ ಬಂದಿತೋ ಎಂಬುದು ಆ ಚರ್ಚೆಯ ತಿರುಳು. ಷೇರು ವ್ಯವಹಾರದ ಆ್ಯಪಿನಲ್ಲಿ ಒಂದು ಬೆಲೆಗೆ ಅಲರ್ಟ್ ಇಟ್ಟು, ದಿನವಿಡೀ ಫೋನು ಸದ್ದು ಮಾಡದ್ದರಿಂದ ಬೆಲೆ ಅಲ್ಲಿಗೆ ಬರಲೇ ಇಲ್ಲವೆಂದು ನಂಬಿದ ಹೂಡಿಕೆದಾರನು, ಸಂಜೆ ಚಾರ್ಟು ತೆರೆದು ಅದು ಮಧ್ಯಾಹ್ನವೇ ಆ ಮಟ್ಟವನ್ನು ಮುಟ್ಟಿ ಹಿಂದಿರುಗಿತ್ತೆಂದು ಕಂಡುಕೊಂಡಾಗ, ಇದೇ ಪ್ರಶ್ನೆ ಅವನ ಮುಂದೆ ಹಣದ ಲೆಕ್ಕದಲ್ಲಿ ಬಂದು ನಿಲ್ಲುತ್ತದೆ.

ಏಳನೆಯ ಶತಮಾನದ ಸುಮಾರಿನವನಾದ ಕುಮಾರಿಲಭಟ್ಟನೂ ಅವನನ್ನು ಅನುಸರಿಸಿದ ಭಾಟ್ಟ ಮೀಮಾಂಸಕರೂ, ಅವರ ಜೊತೆಗೆ ಅದ್ವೈತಿಗಳೂ, ಅಭಾವದ ಅರಿವಿಗಾಗಿ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ಪ್ರಮಾಣವೆಂದರೆ ಯಥಾರ್ಥ ಜ್ಞಾನವನ್ನು ಹುಟ್ಟಿಸುವ ಸಾಧನ. ನ್ಯಾಯದರ್ಶನದವರಾದ ನೈಯಾಯಿಕರು ಇದಕ್ಕೆ ಸಮ್ಮತಿಸದೆ, ಅಭಾವವನ್ನೂ ಇಂದ್ರಿಯವೇ ತಿಳಿಸಿಕೊಡುತ್ತದೆ, ಕಾಣದಿರುವಿಕೆ ಅದಕ್ಕೆ ಸಹಕಾರಿ ಮಾತ್ರ ಎಂದರು. ಪ್ರಾಭಾಕರ ಮೀಮಾಂಸಕರಂತೂ ಅಭಾವವೆಂಬ ಪದಾರ್ಥವನ್ನೇ ಒಪ್ಪದೆ, ಬರಿನೆಲದ ಅರಿವಿಗಿಂತ ಹೆಚ್ಚಿನದು ಅಲ್ಲಿ ಏನೂ ಇಲ್ಲವೆಂದು ವಾದಿಸಿದರು. ಬೌದ್ಧ ತಾರ್ಕಿಕನಾದ ಧರ್ಮಕೀರ್ತಿ ಅನುಪಲಬ್ಧಿಯನ್ನು ಅನುಮಾನದ, ಅಂದರೆ ಊಹೆಯ, ಹೇತುಗಳಲ್ಲಿ ಒಂದೆಂದು ಎಣಿಸಿದರೆ, ಉಡುಪಿಯಲ್ಲಿ ನೆಲೆನಿಂತ ಮಧ್ವಾಚಾರ್ಯರ ಪರಂಪರೆ ಮೂರೇ ಪ್ರಮಾಣಗಳನ್ನು ಒಪ್ಪಿ, ಅಭಾವದ ಅರಿವು ಕೆಲವೆಡೆ ಪ್ರತ್ಯಕ್ಷ, ಕೆಲವೆಡೆ ಅನುಮಾನ ಎಂದು ವಿಭಾಗಿಸಿತು. ಅಲರ್ಟಿನ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಕುಮಾರಿಲನು ಶ್ಲೋಕವಾರ್ತಿಕದ ಅಭಾವ ಪ್ರಕರಣದಲ್ಲಿ ಎತ್ತಿಕೊಳ್ಳುವ ಸಂದರ್ಭ: ಒಂದು ಜಾಗವನ್ನು ಸುಮ್ಮನೆ ನೋಡಿಬಂದವನನ್ನು ಆಮೇಲೆ ಯಾರಾದರೂ ಅಲ್ಲಿ ಇಂಥದು ಇತ್ತೇ ಎಂದು ಕೇಳಿದರೆ, ಆ ಜಾಗ ಈಗ ಕಣ್ಣೆದುರಿಗೆ ಇಲ್ಲದಿದ್ದರೂ, ಇರಲಿಲ್ಲವೆಂಬ ತಿಳಿವಳಿಕೆ ಅವನಲ್ಲಿ ಆ ಗಳಿಗೆಯಲ್ಲೇ ಹುಟ್ಟುತ್ತದೆ. ಬೆಲೆ ಬಂದಿತೇ ಎಂದು ಸಂಜೆ ಕೇಳಿದಾಗ ‘ಇಲ್ಲ, ಫೋನು ಮೊಳಗಲಿಲ್ಲ’ ಎನ್ನುವ ಹೂಡಿಕೆದಾರ ಇರುವುದು ಇದೇ ಸ್ಥಿತಿಯಲ್ಲಿ; ವ್ಯತ್ಯಾಸವೆಂದರೆ, ಕುಮಾರಿಲನ ಮನುಷ್ಯ ಆ ಜಾಗವನ್ನು ತಾನೇ ನೋಡಿದ್ದನು, ಇವನು ಮಾರುಕಟ್ಟೆಯನ್ನು ನೋಡಲೇ ಇಲ್ಲ.

ಎಷ್ಟೇ ಭಿನ್ನಮತವಿದ್ದರೂ ಒಂದು ಷರತ್ತಿನ ವಿಷಯದಲ್ಲಿ ಈ ತಾರ್ಕಿಕರು ಬಹುಮಟ್ಟಿಗೆ ಒಮ್ಮತಕ್ಕೆ ಬಂದಿದ್ದಾರೆ. ಕತ್ತಲೆ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆಯಿಲ್ಲವೆಂದು ಸಿದ್ಧವಾಗುವುದಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅಭಾವ ಸಿದ್ಧಿಸುತ್ತದೆ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಬೆಳಕು, ಕಣ್ಣು, ಅಂತರ, ಗಮನ ಇವೆಲ್ಲ ಸರಿಯಿದ್ದು ವಸ್ತುವೊಂದೇ ಇಲ್ಲದಿರುವ ಸಂದರ್ಭದ ಹೆಸರು ಅದು. ಅಲರ್ಟ್ ಏಕೆ ಬರಲಿಲ್ಲವೆಂದು ದೋಷ ಹುಡುಕುವ ಕೆಲಸವೆಲ್ಲವೂ ಈ ಯೋಗ್ಯತೆಯ ಪರೀಕ್ಷೆಯೇ.

ಆ ಪರೀಕ್ಷೆ ಸಣ್ಣದಲ್ಲ, ಏಕೆಂದರೆ ಇಲ್ಲಿ ಕಣ್ಣಿನ ಸ್ಥಾನದಲ್ಲಿ ಒಂದು ಸರಪಳಿಯಿದೆ. ವಿನಿಮಯ ಕೇಂದ್ರದಲ್ಲಿ ವ್ಯವಹಾರ ನಡೆದು ಬೆಲೆ ಹೊರಬೀಳುತ್ತದೆ. ಅದು ಬ್ರೋಕರ್ ಸಂಸ್ಥೆಯ ಸರ್ವರಿಗೆ ಬರುತ್ತದೆ. ಅಲ್ಲಿನ ತಂತ್ರಾಂಶ ಅದನ್ನು ಗ್ರಾಹಕ ಇಟ್ಟ ಬೆಲೆಯೊಂದಿಗೆ ಹೋಲಿಸುತ್ತದೆ. ಹೊಂದಿದರೆ ಗೂಗಲ್ ಅಥವಾ ಆ್ಯಪಲ್ ಕಂಪನಿಯ ಸಂದೇಶ ಸೇವೆಗೆ ಒಪ್ಪಿಸುತ್ತದೆ. ಆ ಸೇವೆ ಫೋನಿಗೆ ತಲುಪಿಸುತ್ತದೆ. ಫೋನಿನ ಕಾರ್ಯಾಚರಣ ವ್ಯವಸ್ಥೆ ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಕೊನೆಯ ಕೊಂಡಿಯೇ ಹೆಚ್ಚು ಮೋಸ ಮಾಡುವಂಥದು. 2015ರ ಆಂಡ್ರಾಯ್ಡ್ 6ರಿಂದ, ಚಾರ್ಜಿಗೆ ಹಾಕದೆ, ಪರದೆ ಆರಿ, ಅಲುಗಾಡದೆ ಬಿದ್ದಿರುವ ಫೋನು ಬ್ಯಾಟರಿ ಉಳಿಸಲೆಂದು ಡೋಜ್ ಎಂಬ ಅರೆನಿದ್ರೆಗೆ ಜಾರುತ್ತದೆ. ತುರ್ತೆಂದು ಗುರುತು ಹಾಕಿ ಕಳಿಸಿದ ಸಂದೇಶ ಆಗಲೂ ಒಳಬರಬಹುದಾದರೂ, ಸಾಮಾನ್ಯ ಸಂದೇಶ ಫೋನು ನಡುನಡುವೆ ಎಚ್ಚರಗೊಳ್ಳುವವರೆಗೆ ಕಾದು ನಿಲ್ಲುತ್ತದೆ. 2022ರ ಆಂಡ್ರಾಯ್ಡ್ 13ರಿಂದ, ಹೊಸದಾಗಿ ಹಾಕಿಕೊಂಡ ಆ್ಯಪು ಬಳಕೆದಾರನ ಅನುಮತಿ ಪಡೆಯದೆ ಯಾವ ನೋಟಿಫಿಕೇಶನನ್ನೂ ತೋರಿಸುವಂತಿಲ್ಲ. ಮೊದಲ ದಿನ ಅವಸರದಲ್ಲಿ ‘ಬೇಡ’ ಎಂದು ಒತ್ತಿದವನಿಗೆ ತಿಂಗಳುಗಳ ಮೇಲೆ ಅದು ನೆನಪಿರುವುದಿಲ್ಲ. ಕೆಲವು ತಯಾರಕರ ಫೋನುಗಳು ಇದರ ಮೇಲೆ ತಮ್ಮದೇ ಬ್ಯಾಟರಿ ನಿಯಮಗಳನ್ನು ಹೇರಿ, ಹಿನ್ನೆಲೆಯಲ್ಲಿರುವ ಆ್ಯಪುಗಳನ್ನು ನಿಲ್ಲಿಸಿಬಿಡುತ್ತವೆ. ಫೋನು ಬದಲಾಯಿಸಿದಾಗ ಸಂದೇಶ ಸೇವೆಯಲ್ಲಿ ದಾಖಲಾದ ವಿಳಾಸವೂ ಬದಲಾಗುವುದರಿಂದ, ಹೊಸ ಫೋನಿನಲ್ಲಿ ಲಾಗಿನ್ ಆಗದಿದ್ದರೆ ಸರ್ವರು ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಈ ಎಲ್ಲ ಸಂದರ್ಭಗಳಲ್ಲಿ ಸರ್ವರಿನ ಲೆಕ್ಕದಲ್ಲಿ ಅಲರ್ಟ್ ಹೋಗಿದೆ, ಫೋನಿನ ಮಟ್ಟಿಗೆ ಬಂದಿಲ್ಲ.

ಸರಪಳಿ ಪೂರ್ತಿ ಸರಿಯಿದ್ದಾಗಲೂ ಇನ್ನೊಂದು ತೊಡಕು ಉಳಿಯುತ್ತದೆ, ಇದನ್ನು ಗುರುತಿಸಲು ನ್ಯಾಯಶಾಸ್ತ್ರದ ಪ್ರತಿಯೋಗಿ ಎಂಬ ಪರಿಕಲ್ಪನೆ ಬೇಕು. ಅಭಾವವೆಂದರೆ ಯಾವುದೋ ಒಂದರ ಅಭಾವ. ಯಾವುದರ ಅಭಾವವೋ ಅದು ಅದರ ಪ್ರತಿಯೋಗಿ, ಯಾವ ಎಡೆಯಲ್ಲಿ ಅಭಾವವಿದೆಯೋ ಅದು ಅನುಯೋಗಿ. ಹೂಡಿಕೆದಾರನ ಮನಸ್ಸಿನಲ್ಲಿರುವ ಪ್ರತಿಯೋಗಿ ‘ಬೆಲೆ ಮುಟ್ಟುವುದು’. ತಂತ್ರಾಂಶದ ಪ್ರತಿಯೋಗಿ ಅದಕ್ಕಿಂತ ಸಂಕುಚಿತ: ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಕೊನೆಯದಾಗಿ ವ್ಯವಹಾರವಾದ ಬೆಲೆ, ಆ ಸರ್ವರಿಗೆ ಬಂದ ರೂಪದಲ್ಲಿ, ಆ ಅಂಕಿಯನ್ನು ಮುಟ್ಟುವುದು. ಅದೇ ಷೇರು ಮುಂಬೈ ಷೇರುಪೇಟೆಯಲ್ಲಿ ಕೆಲವು ಪೈಸೆ ಮೇಲೆ ವ್ಯವಹಾರವಾಗಿ ಅಲ್ಲಿ ಮಾತ್ರ ಆ ಮಟ್ಟ ಮುಟ್ಟಿದ್ದರೆ ಅಲರ್ಟ್ ಮೊಳಗದಿರುವುದು ತಪ್ಪಲ್ಲ. ಬ್ರೋಕರುಗಳಿಗೆ ಬರುವ ಬೆಲೆಗಳ ಹರಿವು ಸಾಮಾನ್ಯವಾಗಿ ಪ್ರತಿಯೊಂದು ವ್ಯವಹಾರವನ್ನೂ ಹೊತ್ತು ತರದೆ ಆಗಾಗ ತೆಗೆದ ಚಿತ್ರಗಳಂತೆ ಇರುವುದರಿಂದ, ಕ್ಷಣಾರ್ಧದಲ್ಲಿ ಬಂದುಹೋದ ಬೆಲೆ ದಿನದ ಗರಿಷ್ಠದಲ್ಲಿ ದಾಖಲಾಗಿಯೂ ಅಲರ್ಟಿನ ಹೋಲಿಕೆಗೆ ಸಿಗದೆ ಹೋಗಬಹುದು. 2018ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಒಂದಕ್ಕೆ ಒಂದರಂತೆ ಬೋನಸ್ ಷೇರು ಕೊಟ್ಟಾಗ ಷೇರಿನ ಬೆಲೆ ಹೊಂದಾಣಿಕೆಯಾಗಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇಂಥ ಸಂದರ್ಭದಲ್ಲಿ ಅಲರ್ಟಿನ ಅಂಕಿಯನ್ನು ಆ್ಯಪು ತಿದ್ದದಿದ್ದರೆ, ಹಳೆಯ ಬೆಲೆಗಿಂತ ಮೇಲೆ ಇಟ್ಟ ಅಲರ್ಟು ಮೊಳಗುವ ಸಂಭವ ಬಹುಕಾಲ ಇರುವುದಿಲ್ಲ, ಕೆಳಗೆ ಇಟ್ಟದ್ದು ಕಾರಣವಿಲ್ಲದೆ ಮೊಳಗುತ್ತದೆ. ಅಂಕಿ ಅದೇ ಆದರೂ ಪ್ರತಿಯೋಗಿ ಬೇರೆಯಾಗಿರುತ್ತದೆ.

ಅನುಯೋಗಿಯೂ ತಪ್ಪಿಹೋಗುವುದುಂಟು. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಸಂಪರ್ಕ ಜಾಲದ ತೊಂದರೆಯಿಂದ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತು, ಸಾಮಾನ್ಯವಾಗಿ ಪೇಟೆ ಮುಚ್ಚುವ 3.30 ಕಳೆದ ಮೇಲೆ 3.45ಕ್ಕೆ ಮತ್ತೆ ತೆರೆದು 5ರವರೆಗೆ ನಡೆಯಿತು. ನಡುವಿನ ಆ ನಾಲ್ಕು ಗಂಟೆಗಳಲ್ಲಿ ಆ ಕೇಂದ್ರದ ಬೆಲೆಗೆ ಕಟ್ಟಿದ ಅಲರ್ಟಿನ ಮೌನ ಬೆಲೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಮಡಕೆಯನ್ನು ಹುಡುಕಬೇಕಾದ ನೆಲವೇ ಆಗ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ನ್ಯಾಯ-ವೈಶೇಷಿಕರು ಎಣಿಸುವ ನಾಲ್ಕು ಬಗೆಯ ಅಭಾವಗಳಲ್ಲಿ ಪ್ರಾಗಭಾವವೆಂದರೆ ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ, ಪ್ರಧ್ವಂಸಾಭಾವವೆಂದರೆ ಹುಟ್ಟಿ ನಾಶವಾದ ಮೇಲಿನದು. ಬೆಲೆ ಇನ್ನೂ ಬಂದಿಲ್ಲ ಎಂಬುದಕ್ಕೂ ಬಂದು ಹೋಯಿತು ಎಂಬುದಕ್ಕೂ ವ್ಯಾಪಾರದಲ್ಲಿ ಇರುವ ಅಂತರ ಅಪಾರ: ಮೊದಲನೆಯದರಲ್ಲಿ ಕಾಯುವುದು ವಿವೇಕ, ಎರಡನೆಯದರಲ್ಲಿ ಕಾಯುವುದು ಬರಿಯ ಕಾಲಹರಣ. ಮೊಳಗದ ಫೋನು ಮಾತ್ರ ಎರಡರಲ್ಲೂ ಒಂದೇ ತೆರನಾಗಿರುತ್ತದೆ. ಆದ್ದರಿಂದ ಅಲರ್ಟ್ ತಪ್ಪಿದವನ ನಷ್ಟ ಕೈತಪ್ಪಿದ ಒಂದು ಗಳಿಗೆಗೆ ನಿಲ್ಲದೆ, ಮುಗಿದುಹೋದದ್ದನ್ನು ಮುಂದೆ ಬರಲಿರುವುದೆಂದು ಭಾವಿಸಿ ಅವನು ಕಳೆದ ದಿನಗಳಿಗೂ ಹಬ್ಬುತ್ತದೆ.

ಹಾಗಿದ್ದರೂ ಜನ ಈ ಮೌನವನ್ನು ಏಕೆ ನಂಬುತ್ತಾರೆ ಎಂಬುದಕ್ಕೆ ಮೀಮಾಂಸಕರ ಸ್ವತಃಪ್ರಾಮಾಣ್ಯವಾದ ಒಂದು ಉತ್ತರ ಕೊಡುತ್ತದೆ. ಜ್ಞಾನವು ಹುಟ್ಟುವಾಗಲೇ ಪ್ರಮಾಣವೆಂದು ಸ್ವೀಕೃತವಾಗಿರುತ್ತದೆ, ಅದನ್ನು ಅಲ್ಲಗಳೆಯುವ ಇನ್ನೊಂದು ಅರಿವೋ ಸಾಧನದ ದೋಷವೋ ಗೊತ್ತಾದಾಗ ಮಾತ್ರ ಬಿದ್ದುಹೋಗುತ್ತದೆ ಎಂಬುದು ಆ ವಾದ. ನೈಯಾಯಿಕರು ಇದನ್ನು ಒಪ್ಪದೆ, ಜ್ಞಾನವನ್ನು ನಂಬಿ ಮಾಡಿದ ಕೆಲಸ ಫಲ ಕೊಟ್ಟರೆ ಅದರ ಪ್ರಾಮಾಣ್ಯ ತಿಳಿಯುತ್ತದೆ ಎಂದರು. ನೀರೆಂದು ಕಂಡದ್ದು ನೀರೇ ಎಂಬುದು ಬಾಯಾರಿಕೆ ಹಿಂಗಿದಾಗ ನಿಶ್ಚಯವಾಗುತ್ತದೆ. ಸುಳ್ಳಾಗಿ ಮೊಳಗಿದ ಅಲರ್ಟು ಈ ಪರೀಕ್ಷೆಗೆ ಸಿಕ್ಕಿಬೀಳುತ್ತದೆ, ಏಕೆಂದರೆ ಸದ್ದು ಕೇಳಿದವನು ಆ್ಯಪು ತೆರೆದು ಬೆಲೆ ನೋಡುತ್ತಾನೆ. ಮೊಳಗದ ಅಲರ್ಟು ಯಾರನ್ನೂ ಯಾವ ಕೆಲಸಕ್ಕೂ ಎಬ್ಬಿಸುವುದಿಲ್ಲ. ಕೆಲಸವೇ ಇಲ್ಲದ ಕಡೆ ಫಲದಿಂದ ಪರೀಕ್ಷಿಸುವ ಅವಕಾಶವೂ ಇರುವುದಿಲ್ಲ. ಸರಿಯಾದ ಮೌನ ನೂರು ದಿನ ನಡೆದರೂ ಯೋಗ್ಯತೆಗೆ ಸಾಕ್ಷಿ ಕೂಡಿಬರುವುದಿಲ್ಲ, ನಂಬಿಕೆ ಮಾತ್ರ ಗಟ್ಟಿಯಾಗುತ್ತ ಹೋಗುತ್ತದೆ. ಈ ಒಂದು ವಿಷಯದಲ್ಲಿ ನೈಯಾಯಿಕರ ಸಂಶಯವೇ ಮೀಮಾಂಸಕರ ವಿಶ್ವಾಸಕ್ಕಿಂತ ಹೂಡಿಕೆದಾರನಿಗೆ ಹಿತಕರ.

ಯೋಗ್ಯತೆಯನ್ನು ಮೌನದಿಂದ ತಿಳಿಯಲಾಗದಿದ್ದರೆ ಸದ್ದಿನಿಂದ ತಿಳಿಯಬೇಕು. ಪೇಟೆ ನಡೆಯುತ್ತಿರುವಾಗ, ಚಲನೆಯಲ್ಲಿರುವ ಷೇರಿಗೆ ಆಗಿನ ಬೆಲೆಯ ಹತ್ತಿರದಲ್ಲೇ ಒಂದು ಅಲರ್ಟ್ ಇಟ್ಟು, ಪರದೆ ಆರಿಸಿ, ಫೋನನ್ನು ಬದಿಗಿಟ್ಟು, ಅದು ಮೊಳಗುವುದೇ ಎಂದು ಆಗಾಗ ಪರೀಕ್ಷಿಸುವುದು ಕತ್ತಲೆಯ ಕೋಣೆಗೆ ದೀಪ ತಂದಷ್ಟೇ ಪ್ರಯೋಜನಕರ. ಬೆಲೆ ಬಂದೊಡನೆ ಕೊಳ್ಳಬೇಕೋ ಮಾರಬೇಕೋ ಎಂಬುದು ಮೊದಲೇ ನಿಶ್ಚಯವಾಗಿದ್ದರೆ ಅಲರ್ಟಿನ ಬದಲು ಜಿಟಿಟಿ ಎಂದು ಕರೆಯುವ ಆರ್ಡರು ಮೇಲು. ಅದು ಬ್ರೋಕರಿನ ಸರ್ವರಿನಲ್ಲೇ ಕಾದಿದ್ದು, ನಿಗದಿತ ಬೆಲೆ ಬಂದಾಗ ಆರ್ಡರನ್ನು ವಿನಿಮಯ ಕೇಂದ್ರಕ್ಕೆ ಕಳಿಸುವುದರಿಂದ ಫೋನಿನ ನಿದ್ರೆ ಅದಕ್ಕೆ ಅಡ್ಡಿಯಲ್ಲ, ಆದರೂ ಆರ್ಡರು ಪೂರೈಸಿಯೇ ತೀರುತ್ತದೆಂಬ ಭರವಸೆ ಅದರಲ್ಲಿಯೂ ಇಲ್ಲ. ಉಳಿದ ಹೊಣೆ ಆ್ಯಪು ತಯಾರಿಸುವವರದು. ಪ್ರತಿಯೊಂದು ಅಲರ್ಟಿನ ಪಕ್ಕದಲ್ಲಿ ಬೆಲೆಯನ್ನು ಕೊನೆಯ ಸಲ ಹೋಲಿಸಿದ್ದು ಎಷ್ಟು ಹೊತ್ತಿಗೆ, ಯಾವ ವಿನಿಮಯ ಕೇಂದ್ರದ ಬೆಲೆಯೊಂದಿಗೆ, ಈ ಫೋನಿಗೆ ಕೊನೆಯ ಸಂದೇಶ ತಲುಪಿದ್ದು ಯಾವಾಗ ಎಂಬ ಮೂರು ಸಂಗತಿಗಳನ್ನು ಅವರು ಕಾಣುವಂತೆ ಬರೆದಿಡಬೇಕು.