ಬಿಟ್ಟು ಹೋಗುವವನ ಋಣ

ಕಳಸದ ಬಳಿ ನನ್ನ ಸ್ನೇಹಿತರೊಬ್ಬರಿಗೆ ಕಾಫಿ ತೋಟವುಂಟು. ನಾಲ್ಕು ವರ್ಷದ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಅರೇಬಿಕಾ ಕೊಯ್ಲು ಭರದಿಂದ ಸಾಗಿದ್ದಾಗ ಅವರಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿ ಯಾರ ಬಾಯಲ್ಲೂ ಮಾತಿಲ್ಲ. ಲೈನಿನ ಮೂರನೆಯ ಮನೆಯಾತ ಹೆಂಡತಿ ಮಕ್ಕಳೊಡನೆ ರಾತ್ರೋರಾತ್ರಿ ಹೊರಟುಹೋಗಿದ್ದನು. ಬಾಗಿಲು ಎಳೆದುಕೊಂಡು, ಬೀಗದ ಕೈಯನ್ನು ಜಗಲಿಯ ಮೊಳೆಗೆ ನೇತುಹಾಕಿದ್ದನು. ಒಳಗೆ ನೆಲ ಗುಡಿಸಿ ಚೊಕ್ಕಟವಾಗಿತ್ತು.

"ಇಪ್ಪತ್ತೆರಡು ವರ್ಷ ನನ್ನ ತೋಟದಲ್ಲಿದ್ದ ಮಾರಾಯ. ಮಗಳ ಮದುವೆಗೆ ಮುಂಗಡ ಕೊಟ್ಟವನು ನಾನು. ಹಣ್ಣು ಗಿಡದ ಮೇಲಿರುವಾಗ ಹೇಳದೆ ಕೇಳದೆ ಹೋದನಲ್ಲ! ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ" ಎಂದರು ಸ್ನೇಹಿತರು. ನಾನು ತಲೆದೂಗಿದೆ.

ಸಂಜೆ ಅವರ ಮಗನ ಮಾತು ಬಂದಿತು. ಹುಡುಗ ತೈಲ ಕಂಪೆನಿಯ ಇಂಜಿನಿಯರು. ಮೊದಲು ಕರಾವಳಿಯಲ್ಲಿ, ಆಮೇಲೆ ಮುಂಬಯಿಯಲ್ಲಿ, ಈಗ ಕೊಲ್ಲಿಯ ದೇಶದಲ್ಲಿ. ಆರು ವರ್ಷಕ್ಕೆ ಮೂರು ಕಂಪೆನಿ. "ಒಂದೇ ಕಡೆ ಬೇರು ಬಿಟ್ಟರೆ ಸಂಬಳ ಏರುವುದಿಲ್ಲ. ಹುಡುಗ ಚುರುಕು" ಎಂದು ತಂದೆ ಹೆಮ್ಮೆಯಿಂದ ಹೇಳಿದರು. ಆಗಲೂ ನಾನು ತಲೆದೂಗಿದೆ. ಮರುದಿನ ಬಸ್ಸು ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ಆ ಎರಡು ತಲೆದೂಗಿನ ನಡುವಣ ಅಂತರ ನನ್ನನ್ನು ಕುಟುಕತೊಡಗಿತು. ಒಬ್ಬನು ಬಿಟ್ಟು ಹೋದರೆ ಕೃತಘ್ನ, ಇನ್ನೊಬ್ಬನು ಬಿಟ್ಟು ಹೋದರೆ ಚುರುಕು. ಇದು ಯಾವ ನ್ಯಾಯ?

ಅನ್ನದ ಋಣದ ಮಾತು ನಮ್ಮಲ್ಲಿ ಇಂದು ನಿನ್ನೆಯದಲ್ಲ. ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ತೀರಿಸಬೇಕಾದ ಹಂಗು. ಪಂಪನ ಕರ್ಣನು ತನ್ನ ಹುಟ್ಟನ್ನು ತಿಳಿದ ಮೇಲೂ ದುರ್ಯೋಧನನ ಪಕ್ಷ ಬಿಡಲಿಲ್ಲ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಆ ವಂಶದ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಕುವರಲಕ್ಷ್ಮನು ಹೆಂಡತಿಯೊಡನೆ ಪ್ರಾಣ ಬಿಟ್ಟ ಕಥೆಯನ್ನು ಹಳೇಬೀಡಿನ ಕಂಬವೊಂದು ಇಂದಿಗೂ ಹೇಳುತ್ತಿದೆ. ನಿಷ್ಠೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಈ ಚಿತ್ರವೇ.

ಆದರೆ ಅದೇ ಶಾಸನಗಳಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ: ನೆತ್ತರುಗೊಡಗೆ. ಒಡೆಯನಿಗಾಗಿ ಕಾದಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ಅದು. ಜೋಳಕ್ಕೆ ಪ್ರಾಣ, ಪ್ರಾಣಕ್ಕೆ ಭೂಮಿ. ವ್ಯವಹಾರ ಭಯಂಕರವಾದದ್ದೇ ಸರಿ. ಆದರೆ ಋಣದ ತಕ್ಕಡಿಗೆ ಎರಡು ತಟ್ಟೆಗಳಿದ್ದವು.

ತೋಟಗಳ ಕಾಲಕ್ಕೆ ಬರುವಾಗ ಒಂದು ತಟ್ಟೆ ಕಳಚಿಹೋಗಿತ್ತು. ಮೇಸ್ತ್ರಿ ಘಟ್ಟದ ಕೆಳಗಿನ ಊರುಗಳಲ್ಲಿ ಮುಂಗಡ ಹಂಚುವುದು, ಆಳುಗಳನ್ನು ಕರೆತರುವುದು, ಮುಂಗಡ ತೀರುವವರೆಗೆ ಅವರು ಕದಲದಂತೆ ಕಾಯುವುದು. ಇದು ಮಲೆನಾಡಿಗೆಲ್ಲ ಗೊತ್ತಿದ್ದ ಕ್ರಮ. ಬ್ರಿಟಿಷ್ ಇಂಡಿಯಾದ 1859ರ ಕಾಯಿದೆಯೊಂದರ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮೂರು ತಿಂಗಳವರೆಗೆ ಸೆರೆಗೆ ಹಾಕಬಹುದಾಗಿತ್ತು. ಮಾತು ತಪ್ಪಿದ ಧಣಿಗೆ ಅದರಲ್ಲಿ ಸೆರೆಯಿರಲಿಲ್ಲ. ಅದನ್ನು ರದ್ದು ಮಾಡಲು 1925 ಬರಬೇಕಾಯಿತು. ಸಾಲಕ್ಕಾಗಿ ಮನುಷ್ಯನನ್ನು ಕಟ್ಟಿಹಾಕುವ ಜೀತವೇ ಅಪರಾಧವೆನ್ನಲು 1976.

ತೈಲ ಕಂಪೆನಿಗಳಲ್ಲಾದರೂ ತಕ್ಕಡಿ ನೆಟ್ಟಗಿದೆಯೆ? 2014ರ ನಡುವಿನಲ್ಲಿ ಪೀಪಾಯಿಗೆ ನೂರು ಡಾಲರು ದಾಟಿದ್ದ ಎಣ್ಣೆಯ ಬೆಲೆ 2016ರ ಜನವರಿಯಲ್ಲಿ ಮೂವತ್ತಕ್ಕಿಂತ ಕೆಳಗೆ ಬಿದ್ದಾಗ ಲೋಕದ ತುಂಬ ಅದೆಷ್ಟೋ ಮಂದಿ ಕೆಲಸ ಕಳೆದುಕೊಂಡರು. ನನ್ನ ಸ್ನೇಹಿತರ ಮಗ ಸೇರಿದ ಮೊದಲ ಜಾಗದಲ್ಲಿ ಅಂಥದೊಂದು ಬೆಳಿಗ್ಗೆಯ ಕಥೆಯನ್ನು ಹಳಬರು ಇನ್ನೂ ಹೇಳುತ್ತಿದ್ದರಂತೆ: ತಲೆ ನರೆತ ಇಂಜಿನಿಯರೊಬ್ಬರ ಕೈಗೆ ಹತ್ತು ಗಂಟೆಗೆ ಕಾಗದ, ಹನ್ನೆರಡಕ್ಕೆ ಗೇಟಿನ ಹೊರಗೆ. ಇದನ್ನು ಕೇಳಿಸಿಕೊಂಡ ಹುಡುಗ ಯಾರಿಗೂ ನಿಷ್ಠನಾಗದೆ ಹೋದರೆ ಅವನ ಮೇಲೆ ತಪ್ಪು ಹೊರಿಸುವುದು ಹೇಗೆ? ಸಂಸ್ಥೆ ಕಳಿಸಿದರೆ ಪುನರ್ವ್ಯವಸ್ಥೆ, ನೌಕರ ಹೋದರೆ ನಂಬಿಕೆದ್ರೋಹ ಎಂಬ ನಿಘಂಟನ್ನು ಬರೆದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ತೋಟದ ಧಣಿಯ ದುಃಖ ಸುಳ್ಳಲ್ಲ. ಕೆಂಪಾದ ಹಣ್ಣು ಯಾರನ್ನೂ ಕಾಯುವುದಿಲ್ಲ. ಅಕಾಲದ ಮಳೆಯೊಂದು ಬಿದ್ದರೆ ಒಡೆದು ನೆಲ ಸೇರುತ್ತದೆ. ಒಬ್ಬನು ನಡುವೆ ಹೋದರೆ ಅವನ ಪಾಲಿನ ಭಾರ ಉಳಿದವರ ಬೆನ್ನಿಗೆ ಬೀಳುತ್ತದೆ. ಹೋಗುವವನು ಹೇಳಿ ಹೋಗಬೇಕು, ಅದು ಅವನ ಧರ್ಮ ಎಂದೇ ನಾನೂ ಎಣಿಸುತ್ತೇನೆ. ಆದರೆ ಮಗನು ಕೆಲಸ ಬಿಡುವ ಕಾಗದ ಕೊಟ್ಟ ರಾತ್ರಿ ತನ್ನ ಹಾಸಿಗೆಯಲ್ಲೇ ಮಲಗಿದ್ದ. ಲೈನಿನವನಿಗೆ ಮನೆ, ಕೂಲಿ, ಸಾಲ ಮೂರೂ ಒಂದೇ ಕೈಯಲ್ಲಿ. "ಅಯ್ಯಾ, ಮುಂದಿನ ತಿಂಗಳು ಹೋಗುತ್ತೇನೆ" ಎಂದು ಅವನು ಬಾಯಿಬಿಟ್ಟರೆ ಈ ತಿಂಗಳು ಹೇಗಿರುತ್ತದೆಂದು ಅವನಿಗೆ ಗೊತ್ತಿಲ್ಲ. ಹೇಳಿ ಹೋಗುವ ಧೈರ್ಯ ಅವನಲ್ಲಿರಲಿಲ್ಲ ಎನ್ನುವ ಮೊದಲು, ಕೇಳಿಸಿಕೊಳ್ಳುವ ಕಿವಿ ಇತ್ತೆ ಎಂದು ವಿಚಾರಿಸಬೇಕಲ್ಲವೆ? ಗುಡಿಸಿಟ್ಟ ನೆಲ, ಮೊಳೆಯ ಮೇಲಿನ ಬೀಗದ ಕೈ. ಕೃತಘ್ನನು ಹೀಗೆ ಬಿಟ್ಟುಹೋಗುತ್ತಾನೆಯೆ?

ಊರಿಗೆ ಬಂದ ಮೇಲೆ ವಕೀಲ ಮಿತ್ರರೊಬ್ಬರು 1972ರ ಗ್ರಾಚ್ಯುಯಿಟಿ ಕಾಯಿದೆಯನ್ನು ನನ್ನ ಮುಂದಿಟ್ಟರು. ಅದರ ಮೊದಲ ಕಲಮಿನಲ್ಲೇ ಕಾರ್ಖಾನೆ, ಗಣಿ, ತೈಲಕ್ಷೇತ್ರ, ತೋಟ ಎಂದು ಒಂದೇ ಸಾಲಿನಲ್ಲಿ ಬರೆದಿತ್ತು. ತಂದೆಯ ತೋಟವೂ ಮಗನ ಎಣ್ಣೆಯೂ ಅಕ್ಕಪಕ್ಕ! ಐದು ವರ್ಷ ದುಡಿದವನು ತಾನಾಗಿ ಬಿಟ್ಟರೂ ವರ್ಷಕ್ಕೆ ಹದಿನೈದು ದಿನದ ಕೂಲಿ ಅವನ ಹಕ್ಕು. ಇಪ್ಪತ್ತೆರಡು ವರ್ಷಕ್ಕೆ 330 ದಿನದ ಕೂಲಿ. ಮುಂಗಡದ ಬಾಕಿ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಮುಂದಿನ ಸಲ ಕಳಸಕ್ಕೆ ಹೋದಾಗ ಈ ಲೆಕ್ಕವನ್ನು ಸ್ನೇಹಿತರಿಗೆ ಹೇಳಿದೆ. ಸ್ನೇಹ ಕೆಡಬಹುದೆಂಬ ಅಳುಕಿತ್ತು. ಅವರು ಬಹಳ ಹೊತ್ತು ಕಣದ ಕಡೆ ನೋಡುತ್ತ ಕುಳಿತರು. ಆಮೇಲೆ ರೈಟರನ್ನು ಕೂಗಿದರು.

"ಆ ಮೂರನೇ ಮನೆಯವನು ಈಗ ಎಲ್ಲಿದ್ದಾನೆ?"

"ಮೂಡಿಗೆರೆ ಕಡೆ ಯಾವುದೋ ತೋಟದಲ್ಲಿದ್ದಾನಂತೆ ಅಯ್ಯಾ. ಮುಂಗಡದ ಪುಸ್ತಕ ತರಲೆ?"

"ಅದಲ್ಲ. ಹಾಜರಿ ಪುಸ್ತಕ ತಾ. ಹಳೆಯವು, ಎಲ್ಲ."

ರೈಟರು ಅಟ್ಟದಿಂದ ಕಟ್ಟನ್ನು ಇಳಿಸಿದರು. ಮಳೆಗಾಲದ ತೇವಕ್ಕೆ ಮೊದಲ ನಾಲ್ಕೈದು ವರ್ಷದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸಲಾಗದೆ, ಕಾಫಿ ಒಣಗುತ್ತಿದ್ದ ಕಣದ ಅಂಚಿನಲ್ಲಿ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು ಹೋದರು.